ಅಗ್ಗದ ಸಾಲು

ಡಿಸೆಂಬರ್ 9, ಸೋಮವಾರ

ಇವತ್ತಿನಿಂದ ನಾನು ಗಾಜಿನ ಕೋಣೆಯವಳು. ಸಕ್ಕರೆ ಕಾರ್ಖಾನೆಯ ಆಫೀಸಿನಲ್ಲಿ ಫೈಲು ತಿರುವುತ್ತ ಕೂತಿದ್ದವಳನ್ನು ಕಬ್ಬಿನ ವಿಭಾಗದ ಮುಖ್ಯಸ್ಥರಾದ ಬಾಬಾಸಾಹೇಬ ಸರ್ ಎಬ್ಬಿಸಿ ಯಾರ್ಡಿಗೆ ಕಳಿಸಿದ್ದಾರೆ. ನನಗಿಂತ ಮೊದಲಿದ್ದವರು ಆರೋಗ್ಯ ಸರಿಯಿಲ್ಲವೆಂದು ಬಿಟ್ಟುಹೋದರು. ಆರೋಗ್ಯಕ್ಕೇನೂ ಆಗಿರಲಿಲ್ಲ, ದಿನವಿಡೀ ಬೈಸಿಕೊಂಡು ಸಾಕಾಗಿತ್ತು ಎಂದು ಎಲ್ಲರಿಗೂ ಗೊತ್ತು.

ಕೋಣೆ ಎತ್ತರದ ಕಂಬಗಳ ಮೇಲಿದೆ. ಕೆಳಗೆ ಮೂರು ಕಾಟಾ. ಕಬ್ಬು ತಂದವರು ಯಾರೇ ಆಗಲಿ, ಕಾಟಾದ ಮೇಲೆ ನಿಂತು ತೂಕ ಮಾಡಿಸದೆ ಒಳಗೆ ಹೋಗುವಂತಿಲ್ಲ. ಒಂದನೆಯದು ಮತ್ತು ಎರಡನೆಯದು ಟ್ರ್ಯಾಕ್ಟರಿಗೆ. ಮೂರನೆಯದು ಎತ್ತಿನ ಗಾಡಿಗೆ, ಬೇಕಾದರೆ ಅದಕ್ಕೂ ಟ್ರ್ಯಾಕ್ಟರ್ ಹತ್ತಿಸಬಹುದು. ಯಾರು ಯಾವಾಗ ಯಾವ ಕಾಟಾಕ್ಕೆ ಬರಬೇಕೆಂದು ಮೈಕಿನಲ್ಲಿ ನಂಬರ್ ಕೂಗುವುದು ನನ್ನ ಕೆಲಸ. ಎದುರಿಗೆ ಕ್ಯಾಮೆರಾದ ಪರದೆಗಳು, ಪಕ್ಕದಲ್ಲಿ ಚಹಾದ ಥರ್ಮಾಸ್. ರಾಣಿಯ ಹಾಗೆ ಕೂತಿದ್ದೇನೆ.

ನನ್ನ ದನಿ ನಮ್ಮ ಓಣಿಯವರೆಗೂ ಕೇಳಿಸುತ್ತದಂತೆ. ಸಂಜೆ ಮನೆಗೆ ಬಂದರೆ ಅತ್ತೆ ಅಕ್ಕವ್ವ ಹೊಸ್ತಿಲಲ್ಲೇ ಹಿಡಿದುಕೊಂಡರು. "ಮನ್ಯಾಗ ಸಾಲಲಿಲ್ಲೇನ ಕೋಮಲಾ ನಿನ್ನ ಬಾಯಿ, ಊರಿಗೆಲ್ಲಾ ಹಚ್ಚ್ಯಾರ?" ಒಳಗೆ ಉಣ್ಣುತ್ತಿದ್ದ ನನ್ನ ಗಂಡ ಸಂಜಯನಿಗೆ ನಕ್ಕು ನಕ್ಕು ತುತ್ತು ನೆತ್ತಿಗೇರಿತು.

ಡಿಸೆಂಬರ್ 16, ಸೋಮವಾರ

ಎಂ.ಎಸ್ಸಿ.ಯಲ್ಲಿ ಸಾಲುಗಳ ಗಣಿತ ಕಲಿಯುವಾಗ ಇದು ಯಾವ ಜನ್ಮದಲ್ಲಿ ಉಪಯೋಗಕ್ಕೆ ಬರುತ್ತದೋ ಎಂದು ಗೆಳತಿಯರೆಲ್ಲ ನಗುತ್ತಿದ್ದೆವು. ಇದೇ ಜನ್ಮದಲ್ಲಿ ಬಂತು.

ಸುಗ್ಗಿ ಏರಿದೆ. ಅಲಖನೂರ ಕಡೆಯಿಂದಲೇ ಟ್ರ್ಯಾಕ್ಟರುಗಳು ಮುಗಿಯುವಂತೆ ಕಾಣುವುದಿಲ್ಲ. ಬರುವ ಕಬ್ಬು ಕಾಟಾಗಳ ಶಕ್ತಿಯ ಅಂಚಿಗೆ ಬಂದು ನಿಂತಾಗ ಕಾಯುವಿಕೆಯನ್ನು ಯಾರೂ ಇಲ್ಲವಾಗಿಸಲಾರರು. ಅದನ್ನು ಯಾವ ಸಾಲಿನಲ್ಲಿ ಇಡಬೇಕು ಎಂಬುದಷ್ಟೇ ನಮ್ಮ ಕೈಯಲ್ಲಿರುತ್ತದೆ. ಪ್ರತಿ ಸಾಲಿನವರು ಕಾದರೆ ಎಷ್ಟು ನಷ್ಟ ನೋಡಬೇಕು, ಅವರ ಕೆಲಸ ಎಷ್ಟು ಬೇಗ ಮುಗಿಯುತ್ತದೆ ನೋಡಬೇಕು, ಎರಡನ್ನೂ ಗುಣಿಸಬೇಕು. ಗುಣಲಬ್ಧ ದೊಡ್ಡದಿದ್ದವರಿಗೆ ಮೊದಲು ದಾರಿ. ಕಾಯುವಿಕೆಯನ್ನೆಲ್ಲ ಅಗ್ಗದ ಸಾಲಿನಲ್ಲಿ ತುಂಬಿಡಬೇಕು. ಇದೇ ಸೂತ್ರ, ಇದರಲ್ಲಿ ಗುಟ್ಟೇನೂ ಇಲ್ಲ.

ಟ್ರ್ಯಾಕ್ಟರು ಒಂದು ಸಲಕ್ಕೆ ಎರಡು ಟ್ರೇಲರ್ ಕಬ್ಬು ತರುತ್ತದೆ. ಗಾಡಿಯವನು ತರುವುದು ಅದರ ಒಂದು ಚೂರು. ತಡವಾದರೆ ಟ್ರ್ಯಾಕ್ಟರಿನ ಮಾಲೀಕ ಡೈರೆಕ್ಟರಿಗೆ ಫೋನ್ ಹಚ್ಚುತ್ತಾನೆ, ಗಾಡಿಯವನು ಬೀಡಿ ಹಚ್ಚುತ್ತಾನೆ. ಆದ್ದರಿಂದ ನಾನೊಂದು ಕಟ್ಟಳೆ ಮಾಡಿದೆ. ಟ್ರ್ಯಾಕ್ಟರ್ ಸಾಲು ರಸ್ತೆಯಂಚಿನ ಬನ್ನಿ ಗಿಡ ದಾಟಿದರೆ ಮೂರನೆಯ ಕಾಟಾ ಅವರಿಗೆ. ಗಿಡದ ಈಚೆಗೆ ಬಂದರೆ ಮತ್ತೆ ಗಾಡಿಗೆ. ಮಧ್ಯೆ ಮಧ್ಯೆ ನಾಲ್ಕು ಗಾಡಿ ಬಿಟ್ಟರೆ ಗಲಾಟೆಯೂ ಇರುವುದಿಲ್ಲ.

ಬಾಬಾಸಾಹೇಬ ಸರ್ ಕೇಳಿ ತಲೆದೂಗಿದರು. "ಮಿಲ್ ಉಪಾಸ ಬೀಳಬಾರದು ನೋಡ್ರಿ ಮೇಡಮ್. ಉಳದದ್ದು ನಿಮಗ ಬಿಟ್ಟದ್ದು."

ಡಿಸೆಂಬರ್ 23, ಸೋಮವಾರ

ಮಿಲ್ ಒಂದು ಕ್ಷಣವೂ ಖಾಲಿ ತಿರುಗಿಲ್ಲ. ಡೈರೆಕ್ಟರೊಬ್ಬರು ಮೇಲೆ ಹತ್ತಿಬಂದು ಕೈಮುಗಿದು ಹೋದರು. ಅವರು ಯಾರಿಗೂ ಹಾಗೆ ಕೈಮುಗಿದವರಲ್ಲ.

ಒಂದು ಮಜಾ ಬರೆಯಬೇಕು. ಗಾಡಿಯ ಸಾಲಿನಲ್ಲಿ ಅರ್ಧ ಜನ ಮಲಗಿಯೇ ಇರುತ್ತಾರೆ, ಕಬ್ಬಿನ ಹೇರಿನ ಮೇಲೆ ಚಾದರ ಹೊದ್ದು. ಮುಂದಿನ ಗಾಡಿ ಸರಿದರೆ ಹಿಂದಿನ ಎತ್ತುಗಳು ತಾವೇ ಅಷ್ಟು ಸರಿದು ನಿಲ್ಲುತ್ತವೆ. ಯಾರೂ ಹೇಳಬೇಕಿಲ್ಲ. ಎತ್ತು ಬಿಚ್ಚಿ ಕಟ್ಟಿದ್ದರೆ ಎಚ್ಚರವಿದ್ದವನು ಪಕ್ಕದವನ ಎತ್ತನ್ನೂ ಹೂಡಿಕೊಡುತ್ತಾನೆ, ಮಲಗಿದವನನ್ನು ಎಬ್ಬಿಸುವುದಿಲ್ಲ. ಹಗಲೆಲ್ಲ ಕಬ್ಬು ಕಡಿದು ಬಂದವರಿಗೆ ಸಾಲೇ ಹಾಸಿಗೆ, ಹಾಗಾಗಿ ಸಾಲಿನಲ್ಲಿ ಎಬ್ಬಿಸುವುದು ಪಾಪವಂತೆ. ಕಾಟಾ ನಡೆಸುವ ಬಾಳು ಹೇಳಿದ, "ಎತ್ತಿಗೆ ಗೊತ್ತೈತ್ರಿ ಮೇಡಮ್, ಮನಶ್ಯಾಗ ಯಾಕ ತ್ರಾಸ?"

ಅವರಿಗೆ ಕಾಯುವುದು ಕಷ್ಟವೇ ಅಲ್ಲ ಎಂದಾಯಿತು. ನನ್ನ ಲೆಕ್ಕ ಇನ್ನಷ್ಟು ಸರಿಯಾಯಿತು.

ಡಿಸೆಂಬರ್ 30, ಸೋಮವಾರ

ಎಳ್ಳು ಅಮಾವಾಸ್ಯೆ. ಊರಿಗೆ ಊರೇ ಭೂಮಿತಾಯಿಗೆ ಎಡೆ ಹಿಡಿದು ಚರಗ ಚೆಲ್ಲಲು ಹೊಲಕ್ಕೆ ಹೋಗಿದೆ. ಬಾಯ್ಲರ್ ತೊಳೆಯಲು ಮಧ್ಯಾಹ್ನದಿಂದ ಮಿಲ್ ನಿಲ್ಲಿಸಿದ್ದರಿಂದ ಕಾಟಾಗಳೂ ಬಂದ್. ನನಗೆ ಮಾತ್ರ ರಜೆಯಿಲ್ಲ. ಅಕ್ಕವ್ವ ಡಬ್ಬಿಯಲ್ಲಿ ಸಜ್ಜಿ ಕಡಬು, ಶೇಂಗಾ ಹೋಳಿಗೆ, ಪುಂಡಿಪಲ್ಯ ತುಂಬಿ ಕಳಿಸಿದ್ದರು. ಗಾಜಿನ ಹಿಂದೆ ಒಬ್ಬಳೇ ಕೂತು ಉಂಡೆ.

ಕೆಳಗೆ ಆಗತಾನೇ ಬಂದು ಗಾಡಿ ಸಾಲಿನ ಕೊನೆಗೆ ನಿಂತ ಕೆಂಪು ರುಮಾಲಿನವನೊಬ್ಬ ಬುತ್ತಿ ಬಿಚ್ಚಿದ. ಎರಡೂ ಎತ್ತಿಗೆ ಒಂದೊಂದು ಕಡಬು ತಿನ್ನಿಸಿ, ಕೈ ಒರೆಸಿಕೊಂಡು, ಆಮೇಲೆ ತಾನು ಉಂಡ. ಉಣ್ಣುವಾಗ ನನ್ನ ಕಡೆ ನೋಡಿದ. ನಾನೂ ಬಾಯಲ್ಲಿ ಕಡಬು ತುಂಬಿಕೊಂಡಿದ್ದೆ, ನಗು ಬಂತು.

ಡಿಸೆಂಬರ್ 31, ಮಂಗಳವಾರ

ಊಟದ ಹೊತ್ತಿನಲ್ಲಿ ಬರೆಯುತ್ತಿದ್ದೇನೆ, ಸಂಜೆ ಕೈ ಎತ್ತಲೂ ಆಗುವುದಿಲ್ಲ. ಬೆಳಿಗ್ಗೆ ಮಿಲ್ ಶುರುವಾಗಿದ್ದೇ ತಡ, ಹಬ್ಬ ಮುಗಿಸಿದ ಟ್ರ್ಯಾಕ್ಟರುಗಳೆಲ್ಲ ಒಟ್ಟಿಗೆ ನುಗ್ಗಿದವು. ಸಾಲು ಬನ್ನಿ ಗಿಡವನ್ನಲ್ಲ, ಹಳ್ಳದ ಸೇತುವೆಯನ್ನೇ ದಾಟಿದೆ. ಮೂರನೆಯ ಕಾಟಾವನ್ನೂ ಟ್ರ್ಯಾಕ್ಟರಿಗೆ ಕೊಟ್ಟೆನೆಂದು ಮೈಕಿನಲ್ಲಿ ಹೇಳಿದಾಗ ಗಾಡಿಯವರು ಎದ್ದು ನಿಂತು ಕೈ ಎತ್ತಿ ಕೂಗಾಡಿದರು. ಕೂಗಲಿ. ಲೆಕ್ಕ ಯಾರ ಮುಖವನ್ನೂ ನೋಡುವುದಿಲ್ಲ. ಆಗಾಗ ನಾಲ್ಕು ಗಾಡಿ ಬಿಡುತ್ತಿದ್ದೇನೆ.

ಸಂಜೆ.

ಗಾಡಿಯೊಂದು ಮೂರನೆಯ ಕಾಟಾದ ಮೇಲೆ ಬಂದು ನಿಂತಿತು. ಗಾಡಿಯವನು ಇಳಿಯಲಿಲ್ಲ. ಬಾಳು ಹತ್ತಿ ಚಾದರ ತೆಗೆದ. ಕೆಂಪು ರುಮಾಲಿನವನು. ಮೈ ಕಟ್ಟಿಗೆಯ ಹಾಗೆ ಗಟ್ಟಿಯಾಗಿತ್ತು.

ಎತ್ತುಗಳು ಅವನನ್ನು ಪಾಳಿಗೆ ತಂದು ನಿಲ್ಲಿಸಿದ್ದವು.

ಜನವರಿ 2, ಗುರುವಾರ

ಅವನ ಹೆಸರು ಕಾಮಣ್ಣ. ಅಥಣಿಯ ಆಚೆಯ ಹಳ್ಳಿಯವನು. ಕುರಿ ಕಾಯುವ ಮನೆತನ, ಸುಗ್ಗಿಗೆ ಮಾತ್ರ ಹೆಂಡತಿ ಕೆಂಪವ್ವನ ಜೊತೆ ಕಬ್ಬು ಕಡಿಯಲು ಬರುತ್ತಿದ್ದನಂತೆ. ಕಾರ್ಖಾನೆಯ ಡಾಕ್ಟರು ನೋಡಿ ಎದೆ ನಿಂತಿದೆ ಎಂದರು. ಯಾವಾಗ ಎಂದು ಹೇಳಲಾಗದಂತೆ. ಚಳಿ ಅಷ್ಟಿತ್ತು. ಕೊಯ್ದು ಪರೀಕ್ಷಿಸುವುದು ಬೇಡವೆಂದು ಮನೆಯವರು ಹೆಣ ತೆಗೆದುಕೊಂಡು ಹೋಗಿ ಮಣ್ಣು ಮಾಡಿದರು.

ಬಾಬಾಸಾಹೇಬ ಸರ್ ಮೇಲೆ ಬಂದು ಬಾಗಿಲು ಹಾಕಿಕೊಂಡರು. "ಸೋಮವಾರ ಸಂಜೀಕ ಹೋಗ್ಯಾನ್ರಿ ಅಂವ. ಆವಾಗ ಮಿಲ್ ಬಂದ್ ಇತ್ತು. ಯಾರ್ದೂ ತಪ್ಪಿಲ್ಲ. ಯಾರರ ಕೇಳಿದ್ರ ಹಂಗ ಹೇಳ್ರಿ."

ನನಗೂ ಹಾಗೆಯೇ ಅನಿಸುತ್ತದೆ. ಸೋಮವಾರವೇ ಹೋಗಿದ್ದರೆ ಮಂಗಳವಾರ ನಾನು ಕಾಟಾ ಯಾರಿಗೆ ಕೊಟ್ಟೆನೆಂಬುದರಿಂದ ಅವನಿಗೆ ಏನೂ ಆಗಬೇಕಿರಲಿಲ್ಲ. ಕ್ಯಾಮೆರಾದಲ್ಲಿ ಹಿಂದಕ್ಕೆ ಹೋಗಿ ನೋಡಿದೆ. ಮಂಗಳವಾರ ಬೆಳಿಗ್ಗೆ ನಾನು ಮೈಕಿನಲ್ಲಿ ಹೇಳಿದಾಗ ಎಲ್ಲರೂ ಎದ್ದು ಕೈ ಎತ್ತುತ್ತಾರೆ. ಅವನ ಗಾಡಿಯ ಮೇಲೆ ಚಾದರದ ಅಂಚು ಒಮ್ಮೆ ಮೇಲೆದ್ದು ಬೀಳುತ್ತದೆ. ಗಾಳಿ. ಅಷ್ಟು ದೂರದಿಂದ ಬೇರೇನೂ ಕಾಣುವುದಿಲ್ಲ, ಗಾಳಿಯೇ.

ಜನವರಿ 4, ಶನಿವಾರ

ಅಕ್ಕವ್ವ ತಲೆಯಿಂದ ಕಾಲಿನವರೆಗೆ ಮುಸುಕು ಹೊದ್ದು ಮಲಗುತ್ತಾರೆ. ಇಷ್ಟು ವರ್ಷ ನಾನದನ್ನು ಗಮನಿಸಿರಲೇ ಇಲ್ಲ. ಚಹಾ ಇಟ್ಟು ಕರೆದೆ. ಏಳಲಿಲ್ಲ. ಮುಸುಕು ಎಳೆದೆ. "ಏನಾತ ಬೇ?" ಎಂದು ಕಣ್ಣುಬಿಟ್ಟು ಕೂತರು. ಚಹಾ ಆರುತ್ತದೆ, ಅದಕ್ಕೇ ಎಬ್ಬಿಸಿದೆ ಎಂದೆ.

ಜನವರಿ 7, ಮಂಗಳವಾರ

ಕೆಂಪವ್ವ ಕಬ್ಬು ಕಡಿಯುವ ಗ್ಯಾಂಗಿಗೆ ಮರಳಿದ್ದಾಳೆ. ಬಾಳು ತೋರಿಸಿದ. ಅದೇ ಗಾಡಿ, ಅದೇ ಎತ್ತು. ಹೇರಿನ ಮೇಲೆ ಮಲಗಿರಲಿಲ್ಲ, ಎತ್ತಿನ ಕೊರಳ ಪಕ್ಕದಲ್ಲಿ ನಡೆದು ಬರುತ್ತಿದ್ದಳು. ಅವಳ ಮುಂದೆ ಎರಡು ಗಾಡಿ ಹಿಡಿಸುವಷ್ಟು ಜಾಗ ಬಿಟ್ಟಿದ್ದರು, ಹಿಂದೆಯೂ ಅಷ್ಟೇ ಬಿಟ್ಟಿದ್ದರು. ಸಾಲಿನಲ್ಲಿ ಜಾಗ ಹಾಳುಮಾಡಬೇಡಿ ಎಂದು ಮೈಕಿನಲ್ಲಿ ಹೇಳಿದೆ. ಯಾರೂ ಸರಿಯಲಿಲ್ಲ.

ಅವಳ ನಂಬರ್ ಕೂಗುವ ಮೊದಲು ಥರ್ಮಾಸಿನ ಚಹಾ ಕುಡಿದೆ. ಧೂಳು ಬಹಳ.

ಜನವರಿ 9, ಗುರುವಾರ

ಹೊಸ ಕಟ್ಟಳೆ ಮಾಡಿದ್ದೇನೆ. ನಂಬರ್ ಕರೆದಾಗ ಗಾಡಿಯವರು ಓ ಎನ್ನಬೇಕು, ಕೈ ಎತ್ತಿ ತೋರಿಸಬೇಕು. ಕೆಲಸಕ್ಕೆ ಶಿಸ್ತು ಬೇಕಲ್ಲ. ಮಲಗಿದವರನ್ನು ಪಕ್ಕದವರು ಎಬ್ಬಿಸಬೇಕು. ಗಾಡಿಯವರು ಬೈದುಕೊಳ್ಳುತ್ತಿದ್ದಾರಂತೆ, ಬೈಯಲಿ. ಕರೆಯುವ ಹೊತ್ತಲ್ಲದಿದ್ದರೂ ಸುಮ್ಮನೆ ಒಂದೊಂದು ನಂಬರ್ ಕರೆದು ನೋಡುತ್ತೇನೆ. ಕೈ ಎದ್ದರೆ ಸಮಾಧಾನ.

ಆ ಮಂಗಳವಾರದ ಕ್ಯಾಮೆರಾ ಚಿತ್ರ ಮತ್ತೊಮ್ಮೆ ನೋಡಿದೆ. ಉಳಿದ ಗಾಡಿಗಳ ಚಾದರಗಳನ್ನೂ ನೋಡಿದೆ. ಅವು ಅಲುಗಾಡುತ್ತಿಲ್ಲ.

ಜನವರಿ 12, ಭಾನುವಾರ

ಗ್ಯಾಂಗಿನ ಮುಕಾದಮ ಮಲಕಾರಿ ಮೆಟ್ಟಿಲು ಹತ್ತಿ ಬಂದ. ಕಡಿಯುವವರನ್ನು ಸೇರಿಸಿ ಕರೆತಂದು ಕೆಲಸ ಹಚ್ಚುವವನು ಅವನೇ. ಚಪ್ಪಲಿ ಹೊರಗೆ ಬಿಟ್ಟು ಗಾಜಿಗೆ ಬೆನ್ನು ಮಾಡಿ ನಿಂತ.

"ಬಾಯಾರ, ಒಂದ್ ಮಾತ್ ಕೇಳಬೇಕಿತ್ತು. ನಮ್ಮ ಕಾಮಣ್ಣ ಯಾವತ್ತ ಹೋದಾ? ಅಮಾಸಿ ದಿನಾನೋ, ಮರುದಿನಾನೋ?"

ಡಾಕ್ಟರೇ ಹೇಳಲಿಲ್ಲ, ನಾನೇನು ಹೇಳಲಿ ಎಂದೆ.

"ನೀವು ಕ್ಯಾಮೆರಾದಾಗ ನೋಡ್ತೀರಲ್ರಿ. ಅಮಾಸಿ ದಿನ ಹೋದಾಂವ ದೆವ್ವ ಆಗಿ ಹೆಂಡ್ತಿ ಬೆನ್ನ ಹತ್ತಿ ಅಡ್ಡಾಡ್ತಾನ ಅಂತಾರ ನಮ್ಮಂದಿ. ಕೆಂಪವ್ವನ ಗುಡಸಲಾ ದೂರ ಹಾಕಿಸ್ಯಾರ. ಆಕಿ ಜೋಡಿ ಕಬ್ಬ ಕಡಿಯಾಕ ಒಬ್ರೂ ವಲ್ಲೆ ಅಂತಾರ. ಒಬ್ಬಾಕಿ ಕಡದು ಕಟ್ಟಿ ಹೇರೂದ ಆಗೂದಿಲ್ರಿ. ಇದ ವಾರದಾಗ ಆಕೀನ್ನ ಊರಿಗಿ ಕಳಸ್ರಿ ಅಂತ ಗಂಟ ಬಿದ್ದಾರ. ಊರಾಗೂ ಆಕೀಗಿ ಯಾರದಾರ? ಕೂಸ ಕಟಗೊಂಡ ಎಲ್ಲಿ ಹೋಗ್ತಾಳ?"

ಬಾಗಿಲವರೆಗೆ ಹೋದವನು ತಿರುಗಿ ಹೇಳಿದ. "ಮಂಗಳವಾರ ಮುಂಜಾನಿ ಅವನ ಎತ್ತ ನಾನ ಹೂಡೇನ್ರಿ. ಮಕ್ಕೊಂಡಾನ, ಮಕ್ಕೊಳ್ಳಿ ಅಂತ ಎಬ್ಬಸಲಿಲ್ಲ. ಹೊಚಗೊಂಡಿದ್ದಾ. ಮುಖಾ ನೋಡಲಿಲ್ಲ."

ನೋಡಿ ಹೇಳುತ್ತೇನೆ ಎಂದು ಕಳಿಸಿದೆ. ನಾನು ಸೋಮವಾರ ಎಂದರೆ ಕೆಂಪವ್ವ ಹೋಗಬೇಕು. ಮಂಗಳವಾರ ಎಂದರೆ ಅವಳು ಉಳಿಯುತ್ತಾಳೆ, ನಾನು.

ಈ ವಾಕ್ಯ ಹೇಗೆ ಮುಗಿಸಬೇಕೋ ಗೊತ್ತಾಗುತ್ತಿಲ್ಲ.

ಜನವರಿ 14, ಮಂಗಳವಾರ

ಸಂಕ್ರಾಂತಿ. ಕೆಳಗಿನಿಂದ ಯಾರೋ ಎಳ್ಳು ಬೆಲ್ಲ ಕಳಿಸಿದ್ದರು, ಮುಟ್ಟಲಿಲ್ಲ. ಎಳ್ಳಿನ ವಾಸನೆ ಬಂದರೆ ಆ ಮಧ್ಯಾಹ್ನದ ಕಡಬು ಗಂಟಲಿಗೆ ಬರುತ್ತದೆ. ಅವನು ನನ್ನನ್ನು ನೋಡಿದ್ದ. ನಾನು ನಕ್ಕದ್ದು ಅವನಿಗೆ ಕಂಡಿತೋ ಇಲ್ಲವೋ.

ಚಿತ್ರ ನೋಡಿದೆ. ಚಾದರ ಅಂಚಿನಿಂದ ಏಳುವುದಲ್ಲ, ನಡುವಿನಿಂದ ಏಳುತ್ತದೆ. ಒಳಗಿನಿಂದ ಯಾರೋ ತಳ್ಳಿದ ಹಾಗೆ. ಮೊದಲು ಇದು ನನಗೆ ಹೇಗೆ ಕಾಣಲಿಲ್ಲ?

ಜನವರಿ 16, ಗುರುವಾರ

ಮಿಲ್ ಇವತ್ತು ಸ್ವಲ್ಪ ಹೊತ್ತು ಖಾಲಿ ತಿರುಗಿತು. ಬಾಬಾಸಾಹೇಬ ಸರ್ ಓಡಿ ಬಂದರು.

"ಏನ್ ನಡಸೀರಿ ಮೇಡಮ್? ಟ್ರ್ಯಾಕ್ಟರ್ ಸೇತುವಿ ತನಕ ನಿಂತಾವ, ನೀವು ಗಾಡಿ ಬಿಡಾಕತ್ತೀರಿ. ಮ್ಯಾಲ ಒಂದೊಂದ ಗಾಡೀನ್ನ ಹತ್ತ ಹತ್ತ ಸಲ ಕರೀತೀರಂತ. ಮಂದಿ ನಗಾಕತ್ತಾರ."

ಅವರು ಕೈ ಎತ್ತಿರಲಿಲ್ಲ ಸರ್, ಅದಕ್ಕೇ ಕರೆದೆ ಎಂದೆ. ಅವರು ನನ್ನನ್ನು ಬಹಳ ಹೊತ್ತು ನೋಡಿ, ರಜೆ ತಗೊಳ್ರಿ ಎಂದು ಮೆತ್ತಗೆ ಹೇಳಿ ಇಳಿದು ಹೋದರು. ನನಗೆ ರಜೆ ಏಕೆ? ನಾನು ಚೆನ್ನಾಗಿಯೇ ಇದ್ದೇನೆ.

ನಿದ್ದೆಯಲ್ಲಿ ನಂಬರ್ ಕೂಗುತ್ತೀಯೆಂದು ಸಂಜಯ ಬೆಳಿಗ್ಗೆ ಹೇಳಿದ. ನಾನು ಕರೆದಾಗೆಲ್ಲ ಅವನು ಓ ಅನ್ನಬೇಕಂತೆ, ಇಲ್ಲದಿದ್ದರೆ ಅಲುಗಾಡಿಸುತ್ತೇನಂತೆ. ಅವನ ಕಣ್ಣು ಕೆಂಪಾಗಿದ್ದವು. ಅಕ್ಕವ್ವ ಹೊದಿಕೆ ಇಲ್ಲದೆ ಮಲಗುತ್ತಿದ್ದಾರೆ. ಚಳಿ ಕಡಿಮೆಯಾಗಿರಬೇಕು.

ಜನವರಿ 18, ಶನಿವಾರ

ಆ ಮಂಗಳವಾರದ ಚಿತ್ರ ಈಗ ಇಲ್ಲ. ಹಳೆಯದು ತುಂಬಿದಂತೆ ತಾನಾಗಿಯೇ ಅಳಿಸಿಹೋಗುತ್ತದಂತೆ, ಕಂಪ್ಯೂಟರ್ ನೋಡಿಕೊಳ್ಳುವವರು ಹೇಳಿದರು. ಯಾರಿಗೂ ತೋರಿಸಿರಲಿಲ್ಲ. ಈಗ ಅದು ನನ್ನ ಕಣ್ಣಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ.

ಕಣ್ಣು ಮುಚ್ಚಿದರೆ ಸ್ಪಷ್ಟವಾಗಿದೆ. ಚಾದರದಿಂದ ಕೈ ಹೊರಗೆ ಬರುತ್ತದೆ, ಐದೂ ಬೆರಳು ಬಿಡಿಸಿರುತ್ತವೆ. ಪರದೆಯಲ್ಲಿ ಬೆರಳು ಕಂಡಿದ್ದವೇ? ಕಂಡಿರಬೇಕು. ಇಲ್ಲದಿದ್ದರೆ ನನಗೆ ಹೇಗೆ ಗೊತ್ತು?

ಮಲಕಾರಿ ಕೆಳಗಿನಿಂದ ನೋಡುತ್ತ ನಿಂತಿದ್ದ. ನಾಳೆ ಬರುತ್ತೇನೆಂದು ಗಾಜಿನ ಹಿಂದಿನಿಂದಲೇ ಕೈಸನ್ನೆ ಮಾಡಿದೆ.

ಜನವರಿ 19, ಭಾನುವಾರ

ಕಾರ್ಖಾನೆಯ ಗೋಡೆಯಾಚೆಗೆ ಗುಡಿಸಲುಗಳು. ಇಷ್ಟು ದಿನ ಮೇಲಿನಿಂದ ನೋಡುತ್ತಿದ್ದೆ, ಇವತ್ತು ಮೊದಲ ಸಲ ನಡೆದು ಹೋದೆ. ಮಧ್ಯಾಹ್ನದ ಬಿಸಿಲಿನಲ್ಲಿ ಎಲ್ಲರೂ ಬಯಲಿನಲ್ಲಿ ಕೂತಿದ್ದರು. ಕೆಂಪವ್ವ ಆಚೆಗೆ, ತನ್ನ ಗುಡಿಸಲಿನ ಬಾಯಲ್ಲಿ, ಮಡಿಲಲ್ಲಿ ಮಗಳನ್ನು ಮಲಗಿಸಿಕೊಂಡಿದ್ದಳು. ಹತ್ತಿರದಿಂದ ನೋಡಿದರೆ ನನ್ನ ವಯಸ್ಸಿನವಳೇ.

ಮಲಕಾರಿ ತಾಟಿನಲ್ಲಿ ಅರಿಶಿನದ ಪುಡಿ ತಂದ. "ಮಂಗಸೂಳಿ ಮಲ್ಲಯ್ಯನ ಭಂಡಾರ ಐತ್ರಿ ಬಾಯಾರ. ಇದನ್ನ ಕೈಯಾಗ ಹಿಡದು ಹೇಳಿದ್ರ ನಮ್ಮಂದಿ ಒಪ್ಪತಾರ. ಹಿಡದ ಮ್ಯಾಲ ಸುಳ್ಳ ಹೇಳಬಾರದ್ರಿ. ಹೇಳಿದವರ ಮನಿ ಉಳಿಯೂದಿಲ್ಲ."

ಇದು ನನಗೆ ಗೊತ್ತಿರಲಿಲ್ಲ. ಬಾಯಿಮಾತಿನಲ್ಲಿ ಹೇಳಿ ಬರುತ್ತೇನೆಂದು ಹೋಗಿದ್ದೆ. ಸಂಜಯ, ಅಕ್ಕವ್ವ ಇಬ್ಬರೂ ಕಣ್ಣೆದುರು ಬಂದರು. ಸೋಮವಾರ ಎಂದು ಹೇಳಿ ಮನೆಗೆ ಹೋಗಿಬಿಡಬಹುದಿತ್ತು. ಸರ್ ಹೇಳಿದ್ದೂ ಅದನ್ನೇ, ಡಾಕ್ಟರೂ ಅಲ್ಲವೆನ್ನುತ್ತಿರಲಿಲ್ಲ. ಕೆಂಪವ್ವ ನನ್ನನ್ನು ನೋಡುತ್ತಿರಲಿಲ್ಲ, ಮಗಳ ತಲೆಯಲ್ಲಿ ಕೈಯಾಡಿಸುತ್ತಿದ್ದಳು.

ಭಂಡಾರ ಹಿಡಿದೆ.

"ಮಂಗಳವಾರ ಮುಂಜಾನಿ ಕಾಮಣ್ಣ ಬದುಕಿದ್ರು," ಎಂದೆ. ಮೈಕಿಲ್ಲದ ನನ್ನ ದನಿ ಅಷ್ಟು ಸಣ್ಣದೆಂದು ತಿಳಿದಿರಲಿಲ್ಲ. "ನಾ ಮೈಕಿನ್ಯಾಗ ಮಾತಾಡಿದಾಗ ಚಾದರದಾಗಿಂದ ಕೈ ಎತ್ತಿದ್ರು. ನಾ ನೋಡೇನಿ."

ಕಾಳವ್ವ ಎನ್ನುವ ಮುದುಕಿ, "ಹಂಗಾರ ಅಮಾಸಿ ಅಲ್ಲ, ಪಾಡ್ಯಾ ಬಿತ್ತು," ಎಂದಳು. ಮಲಕಾರಿ ಎರಡೂ ಕೈಯಲ್ಲಿ ಮುಖ ಒರೆಸಿಕೊಂಡ. ಮರುದಿನದಿಂದ ತನ್ನ ಸೊಸೆ ಕೆಂಪವ್ವನ ಜೊತೆ ಕಡಿಯಲು ಹೋಗುತ್ತಾಳೆಂದು ಕಾಳವ್ವನೇ ಹೇಳಿದಳು. ಇಬ್ಬರು ಎದ್ದು ಹೋಗಿ ಕೆಂಪವ್ವನ ಗುಡಿಸಲಿನ ಬಿದಿರು ಕೀಳತೊಡಗಿದರು, ಈಚೆಗೆ ತಂದು ಹಾಕಲು.

ಆಗ ಕೆಂಪವ್ವ ಎದ್ದಳು. ಮಗಳನ್ನು ಹೆಗಲಿಗೆ ಹಾಕಿಕೊಂಡು ನನ್ನೆದುರು ಬಂದು ನಿಂತಳು.

"ಯಾಕ ಎತ್ತಿದ್ರಂತ್ರಿ ಕೈ?"

ಇದನ್ನು ಯಾರಾದರೂ ಕೇಳುತ್ತಾರೆಂದು ನಾನು ಯೋಚಿಸಿರಲೇ ಇಲ್ಲ. ಇಷ್ಟು ದಿನ ಕೈ ಎದ್ದಿತೋ ಇಲ್ಲವೋ ಎಂಬುದನ್ನಷ್ಟೇ ನೋಡುತ್ತಿದ್ದೆ.

"ಪಾಳಿ ಕೇಳಾಕ," ಎಂದೆ.

"ಕೊಟ್ರೇನ್ರಿ?"

"ಇಲ್ಲವ್ವಾ. ಕೊಡಲಿಲ್ಲ."

ಅವಳು ತಲೆಯಾಡಿಸಿದಳು. ತಿರುಗಿ ಹೋಗಿ ಬಯಲಿನ ನಡುವೆ ಹೆಂಗಸರ ಮಧ್ಯೆ ಕೂತಳು. ಅವರು ಸರಿದು ಜಾಗ ಕೊಟ್ಟರು. ಕಾಳವ್ವ ಅವಳ ಬೆನ್ನ ಮೇಲೆ ಕೈಯಿಟ್ಟಾಗ ಕೆಂಪವ್ವ ಬಾಯಿಬಿಟ್ಟು ಅತ್ತಳು, ಉಳಿದವರೂ ದನಿಗೂಡಿಸಿ ಅತ್ತರು. ಅಮಾವಾಸ್ಯೆಯ ಹೆದರಿಕೆಯಲ್ಲಿ ಇಷ್ಟು ದಿನ ಯಾರೂ ಅವಳ ಜೊತೆ ಕೂತು ಅತ್ತಿರಲಿಲ್ಲ.

ನನಗೆ ಕೂಡ್ರೆಂದು ಯಾರೂ ಹೇಳಲಿಲ್ಲ, ಹೋಗೆಂದೂ ಹೇಳಲಿಲ್ಲ. ಕೈಯಲ್ಲಿದ್ದ ಭಂಡಾರವನ್ನು ಎಲ್ಲಿಡಬೇಕೆಂದು ತಿಳಿಯದೆ ಮುಷ್ಟಿ ಹಿಡಿದುಕೊಂಡೇ ನಿಂತಿದ್ದೆ.